ಕಾರ್ಬುರೇಟರ್ ಬಿಚ್ಚೋ ಮುಂಚೆ ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡಿ

ಈ ಸಲ ಬಂದಿರೋ ಪತ್ರಗಳಲ್ಲಿ ಹಳೇ ಪಿಕಪ್ ಗಾಡಿಗಳದ್ದೇ ದರ್ಬಾರು. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ರಾಗ, ಪೇಂಟ್ ಆಯ್ತು, ಸೀಟ್ ಆಯ್ತು, ಇಂಜಿನ್ ಬೋರ್ ಆಯ್ತು, ಫೋಟೋಗೆ ನಿಲ್ಸಿದ್ರೆ ಮದುಮಗನ ಥರ ಇದೆ, ರೋಡಿಗೆ ಇಳಿಸಿದ್ರೆ ಮಾತ್ರ ಕೆಮ್ಮು ದಮ್ಮು. ಪತ್ರ ಓದ್ತಾ ಓದ್ತಾ ನನಗನ್ಸಿದ್ದು ಏನಂದ್ರೆ, ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಗಾಡಿಗೆ ವಯಸ್ಸಾಗಿ ಬಂದಿದ್ದಲ್ಲ, ನಾವೇ ರಿಪೇರಿ ಮಾಡೋವಾಗ ಒಳಗೆ ಹಾಕಿದ್ದು. ಕೋಪ ಮಾಡ್ಕೋಬೇಡಿ, ನಾನೂ ಹಾಕಿದೀನಿ, ಅದನ್ನ ಕೊನೇಲಿ ಹೇಳ್ತೀನಿ.

ಪ್ರಶ್ನೆ: ನನ್ನದು 1968ರ ಷೆವರ್ಲೆ ಸಿ-10, ಆರು ಸಿಲಿಂಡರಿನ 250 ಕ್ಯೂಬಿಕ್ ಇಂಚಿನ ಇಂಜಿನ್ನು. ಎರಡೂವರೆ ವರ್ಷ ಕೂತು ರೆಡಿ ಮಾಡಿದೀನಿ ಸಾರ್. ಶೆಡ್ಡಲ್ಲಿ ಎಷ್ಟೊತ್ತು ಬಿಟ್ರೂ ಐಡ್ಲಿಂಗ್ ಸೂಪರ್. ರೋಡಲ್ಲಿ 15-20 ಕಿಲೋಮೀಟರ್ ಆಗ್ತಿದ್ದ ಹಾಗೆ ಏರಲ್ಲಿ ಎಳೆಯೋದು ಬಿಟ್ಬಿಡುತ್ತೆ, ನಾಲ್ಕು ಸಲ ಜರ್ಕ್ ಹೊಡೆದು ಆಫ್. ಇಳಿದು ಪೆಟ್ರೋಲ್ ಇದ್ಯೋ ಇಲ್ವೋ ಅಂತ ಮುಚ್ಚಳ ತೆಗೆದು ನೋಡ್ತೀನಿ, ಇರುತ್ತೆ, ಬಾನೆಟ್ ಎತ್ತಿ ಹತ್ತು ನಿಮಿಷ ಬಿಟ್ರೆ ಏನೂ ಆಗದೇ ಇರೋ ಹಾಗೆ ಸ್ಟಾರ್ಟ್ ಆಗುತ್ತೆ. ತಮಾಷೆ ಅಂದ್ರೆ ಟ್ಯಾಂಕ್ ಫುಲ್ ಮಾಡಿಸಿದ ದಿನವೇ ಈ ಕಾಟ ಜಾಸ್ತಿ. ಕಾರ್ಬುರೇಟರ್ ಎರಡು ಸಲ ಓವರ್‌ಹಾಲ್ ಆಯ್ತು, ಪಂಪ್ ಹೊಸದು, ಫಿಲ್ಟರ್ ನಾಲ್ಕು ಬದಲಾಯಿಸಿದೆ. ಟ್ಯಾಂಕ್ ಮುಚ್ಚಳದಿಂದ ಹಿಡಿದು ಬಂಪರ್ ತನಕ ಎಲ್ಲಾ ಹೊಸ ಕ್ರೋಮ್. ಇನ್ನು ಕಾರ್ಬುರೇಟರ್ ಹೊಸದೇ ತಗೊಂಡ್ಬಿಡ್ಲಾ?

ಉತ್ತರ: ತಗೋಬೇಡಿ. ಕಾರ್ಬುರೇಟರ್ ಕೆಲ್ಸ ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡೋದು ಅಷ್ಟೇ. ನಿಮ್ಮ ಪತ್ರದಲ್ಲೇ ಉತ್ತರ ಇದೆ, ನೀವೇ ಬರೆದು ನೀವೇ ದಾಟಿ ಹೋಗಿದೀರಿ. ಗಾಡಿ ನಿಂತಾಗ್ಲೆಲ್ಲ ಮುಚ್ಚಳ ತೆಗೆದು ನೋಡ್ತೀರಿ, ಆಮೇಲೆ ಅದು ಸ್ಟಾರ್ಟ್ ಆಗುತ್ತೆ. ಹತ್ತು ನಿಮಿಷ ಕಾದಿದ್ದಕ್ಕೆ ಅಂತ ನೀವು ಅಂದ್ಕೊಂಡಿದೀರಿ, ನನಗೆ ಮುಚ್ಚಳ ತೆಗೆದಿದ್ದಕ್ಕೇ ಅನ್ನೋ ಅನುಮಾನ ಬಲವಾಗಿದೆ.

ಇದು ಹೇಗೆ ಅಂದ್ರೆ, ಟ್ಯಾಂಕಿಂದ ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋದ್ರೆ ಆ ಜಾಗಕ್ಕೆ ಒಂದು ಲೀಟರ್ ಗಾಳಿ ಒಳಗೆ ಬರ್ಬೇಕು. ನಿಮ್ಮ ಕಾಲದ ಗಾಡಿಗಳಲ್ಲಿ ಗಾಳಿ ಬರ್ತಾ ಇದ್ದಿದ್ದು ಮುಚ್ಚಳದಲ್ಲೇ ಇರೋ ಸಣ್ಣ ಕಿಂಡಿಯಿಂದ. ಆಮೇಲಿನ ಗಾಡಿಗಳಲ್ಲಿ ಪೆಟ್ರೋಲ್ ಆವಿ ಹೊರಗೆ ಹೋಗ್ಬಾರ್ದು ಅಂತ ಬೇರೆ ಪೈಪು, ಆವಿ ಹೀರ್ಕೊಳೋ ಇದ್ದಿಲಿನ ಡಬ್ಬಿ ಎಲ್ಲಾ ಬಂತು, ಹಾಗಾಗಿ ಮುಚ್ಚಳಾನ ಪೂರ್ತಿ ಸೀಲ್ ಮಾಡಿದ್ರು. ಎರಡೂ ಮುಚ್ಚಳ ನೋಡೋಕೆ ಒಂದೇ ಥರ, ಒಂದೇ ತಿರುಪು, ಎರಡೂ ಕೂರುತ್ತೆ. ನಿಮ್ಮ ಹೊಳೆಯೋ ಕ್ರೋಮ್ ಮುಚ್ಚಳ ಎರಡನೇ ಜಾತೀದು ಆಗಿದ್ರೆ ನಿಮ್ಮ ಪಂಪು ಮುಚ್ಚಿದ ಡಬ್ಬಿಯಿಂದ ಪೆಟ್ರೋಲ್ ಎಳೀತಾ ಕೂತಿದೆ ಅಂತ ಅರ್ಥ.

ಫುಲ್ ಟ್ಯಾಂಕ್ ದಿನವೇ ಯಾಕೆ ಜಾಸ್ತಿ ಅನ್ನೋದಕ್ಕೂ ಇದೇ ಕಾರಣ. ಟ್ಯಾಂಕ್ ಹತ್ರ ಹತ್ರ 75 ಲೀಟರ್ ಅಂತ ಇಟ್ಕೊಳಿ. ಕತ್ತಿನ ತನಕ ತುಂಬಿಸಿದ್ರೆ ಮೇಲೆ ಉಳಿಯೋ ಗಾಳಿ ಮೂರೋ ನಾಲ್ಕೋ ಲೀಟರ್. 20 ಕಿಲೋಮೀಟರ್ ಓಡಿಸೋ ಹೊತ್ತಿಗೆ ಈ ಇಂಜಿನ್ನು ಮೂರೂವರೆ ಲೀಟರ್ ಕುಡಿದಿರುತ್ತೆ, ಅಂದ್ರೆ ಅಷ್ಟೇ ಗಾಳಿ ಈಗ ಡಬಲ್ ಜಾಗದಲ್ಲಿ ಹರಡ್ಕೊಂಡಿದೆ. ಪೆಟ್ರೋಲ್ ಆವಿ ಸ್ವಲ್ಪ ಜಾಗ ತುಂಬುತ್ತೆ ಅನ್ನೋದು ನಿಜ, ಆದ್ರೂ ಒಳಗೆ ಜೋರು ವ್ಯಾಕ್ಯೂಮ್. ಅದೇ ಅರ್ಧ ಟ್ಯಾಂಕಿದ್ರೆ ಮೇಲೆ ಮೂವತ್ತೈದು ಲೀಟರ್ ಗಾಳಿ ಇರುತ್ತೆ, ಮೂರೂವರೆ ಲೀಟರ್ ಹೋದ್ರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಶೆಡ್ಡಲ್ಲಿ ಐಡ್ಲಿಂಗ್ ಬಿಟ್ರೆ ಪೆಟ್ರೋಲ್ ಖರ್ಚೇ ಕಮ್ಮಿ, ಅದಕ್ಕೇ ಅಲ್ಲಿ ಗೊತ್ತಾಗಲ್ಲ.

ಪರೀಕ್ಷೆ ಸುಲಭ. ಟ್ಯಾಂಕ್ ಫುಲ್ ಮಾಡಿಸಿ, ಅದೇ ಏರಿಗೆ ಹೋಗಿ, ಜರ್ಕ್ ಶುರುವಾದ ತಕ್ಷಣ ಸೈಡಿಗೆ ಹಾಕಿ ಮುಚ್ಚಳ ತಿರುಗಿಸಿ, ಕಿವಿ ಹತ್ರ ಇಟ್ಕೊಂಡು. ಉಸ್ಸ್ ಅಂತ ಗಾಳಿ ಒಳಗೆ ಎಳ್ಕೊಂಡ ಶಬ್ದ ಬಂತಾ? ಹತ್ತು ನಿಮಿಷ ಕಾಯ್ದೇ ತಕ್ಷಣ ಸ್ಟಾರ್ಟ್ ಆಯ್ತಾ? ಮುಗೀತು ಕಥೆ. ಕಿಂಡಿ ಇರೋ ಸರಿಯಾದ ಮುಚ್ಚಳ ಹಾಕಿ, ಹೊಳಪಿಗೋಸ್ಕರ ಇರೋದಕ್ಕೇ ಡ್ರಿಲ್ ಹಿಡಿದು ತೂತು ಹೊಡೆಯೋಕೆ ಹೋಗ್ಬೇಡಿ, ತಿರುವಲ್ಲಿ ಪೆಟ್ರೋಲ್ ಚೆಲ್ಲಿ ಹೊಸ ಪೇಂಟ್ ಮೇಲೇ ಇಳಿಯುತ್ತೆ. ಇನ್ನೊಂದು ವಿಷ್ಯ, 1960ರಿಂದ 72ರ ತನಕದ ಷೆವರ್ಲೆ, ಜಿಎಂಸಿ ಪಿಕಪ್‌ಗಳಲ್ಲಿ ಟ್ಯಾಂಕ್ ಇರೋದು ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ ಒಳಗೇ. ಅಲ್ಲಿ ಮುಚ್ಚಳ, ಹೋಸು, ವಾಷರ್ ಯಾವುದರಲ್ಲಿ ಬೇಜವಾಬ್ದಾರಿ ಮಾಡಿದ್ರೂ ವಾಸನೆ ಕುಡಿಯೋರು ನೀವೇ.

ಮುಚ್ಚಳ ಅಲ್ಲದೇ ಹೋದ್ರೆ? ಆವಾಗ್ಲೂ ಕಾರ್ಬುರೇಟರ್‌ಗೆ ಕೈ ಹಾಕ್ಬೇಡಿ. ಗಾಡಿ ನಿಂತ ಜಾಗದಲ್ಲೇ, ಇಂಜಿನ್ ಆಫ್ ಇರೋವಾಗ, ಏರ್ ಕ್ಲೀನರ್ ತೆಗೆದು ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡ್ತಾ ಆಕ್ಸಿಲರೇಟರ್ ಲಿಂಕ್ ಕೈಯಲ್ಲಿ ಒತ್ತಿ. ಒಳಗೆ ಪಿಚಕ್ಕಂತ ಪೆಟ್ರೋಲ್ ಧಾರೆ ಬಂದ್ರೆ ಬೌಲಲ್ಲಿ, ಅಂದ್ರೆ ಕಾರ್ಬುರೇಟರ್ ಒಳಗೆ ಪೆಟ್ರೋಲ್ ನಿಲ್ಲೋ ಸಣ್ಣ ಬಟ್ಟಲಲ್ಲಿ, ಪೆಟ್ರೋಲ್ ಇದೆ, ಗಾಡಿ ನಿಂತಿದ್ದು ಪೆಟ್ರೋಲ್ ಇಲ್ಲದೇ ಅಲ್ಲ, ಕಿಡಿ ಹುಟ್ಟಿಸೋ ಕಾಯಿಲ್ಲೋ ಕಂಡೆನ್ಸರ್ರೋ ಬಿಸಿ ಆಗಿ ಕೈ ಕೊಡ್ತಾ ಇದೆ. ಅದೂ ಹತ್ತು ನಿಮಿಷ ತಣ್ಣಗಾದ್ರೆ ಸರಿ ಹೋಗುತ್ತೆ, ಅದಕ್ಕೇ ಎಷ್ಟೋ ಜನ ವರ್ಷಗಟ್ಟಲೆ ಕರೆಂಟಿನ ಕಾಯಿಲೆಗೆ ಪೆಟ್ರೋಲಿನ ಔಷಧಿ ಕೊಡ್ತಾ ಇರ್ತಾರೆ. ಧಾರೆ ಬರ್ಲಿಲ್ಲ, ಒಣಗಿದೆ ಅಂದ್ರೆ ಬೌಲ್ ಖಾಲಿ, ಹಿಂದಿನಿಂದ ಬರ್ತಾ ಇಲ್ಲ. ಸೆಲ್ಫ್ ಹೊಡೀತಾ ಇರೋವಾಗ ಮಾತ್ರ ಬಗ್ಗಿ ನೋಡ್ಬೇಡಿ, ಬ್ಯಾಕ್‌ಫೈರ್ ಆದ್ರೆ ಹುಬ್ಬು ಹೋಗುತ್ತೆ, ಅದೃಷ್ಟ ಚೆನ್ನಾಗಿದ್ರೆ ಹುಬ್ಬು ಮಾತ್ರ.

ಹಿಂದಿನಿಂದ ಬರ್ತಾ ಇಲ್ಲ ಅಂತಾದ್ರೆ ಅಳತೆ ಮಾಡಿ. ಇಂಜಿನ್ ತಣ್ಣಗಿರೋವಾಗ ಕಾರ್ಬುರೇಟರ್ ಹತ್ರ ಲೈನ್ ಬಿಚ್ಚಿ, ಒಂದು ಉದ್ದ ಹೋಸ್ ಹಾಕಿ ಮೂತಿ ಕಿರಿದಾಗಿರೋ ಬಾಟಲಿಗೆ ಬಿಡಿ, ಬೌಲಲ್ಲಿ ಉಳಿದಿರೋ ಪೆಟ್ರೋಲಲ್ಲೇ ಇಂಜಿನ್ ಸ್ವಲ್ಪ ಹೊತ್ತು ಐಡ್ಲಿಂಗ್ ಓಡುತ್ತೆ. 30ರಿಂದ 45 ಸೆಕೆಂಡಲ್ಲಿ ಅರ್ಧ ಲೀಟರ್ ಹತ್ರ ಬಂದ್ರೆ ಪಂಪು ಲೈನು ಎರಡೂ ಗಟ್ಟಿ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇರ್ಲಿ, ಬೀಡಿ ಸಿಗರೇಟಿನವರು ದೂರ ಇರ್ಲಿ. ಧಾರೆ ಜೊತೆ ಗುಳ್ಳೆ ಬರ್ತಾ ಇದ್ಯಾ ಅಂತ್ಲೂ ನೋಡಿ. ಪಂಪಿನ ಮುಂದಿನ ಹೋಸ್ ಒಡೆದ್ರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಿ ಗೊತ್ತಾಗುತ್ತೆ, ಆದ್ರೆ ಟ್ಯಾಂಕಿಗೂ ಪಂಪಿಗೂ ಮಧ್ಯೆ ಇರೋ ಹೋಸಲ್ಲಿ ಕೂದಲೆಳೆ ಬಿರುಕು ಬಿಟ್ರೆ ಗಾಡಿ ಓಡೋವಾಗ ಒಂದು ಹನಿಯೂ ಹೊರಗೆ ಬರಲ್ಲ, ಬದ್ಲಿಗೆ ಗಾಳಿ ಒಳಗೆ ಹೋಗುತ್ತೆ. ನೆಲ ಒಣಗಿದೆ, ಲೀಕೇ ಇಲ್ಲ ಅಂತ ಎಲ್ಲರೂ ಮೋಸ ಹೋಗೋದು ಇಲ್ಲೇ.

ಪಂಪಿನ ಹಿಂದಿನ ಹೋಸ್ ಬಿಚ್ಚಿ, ಎತ್ತರದಲ್ಲಿ ಭದ್ರವಾಗಿ ಕಟ್ಟಿದ ಸಣ್ಣ ಕ್ಯಾನಿಂದ ನೇರ ಪೆಟ್ರೋಲ್ ಕೊಟ್ಟು ಓಡ್ಸಿ ನೋಡಿದ್ರೆ ಅರ್ಧ ಗಾಡಿ ಅನುಮಾನದಿಂದ ಹೊರಗೆ ಬರುತ್ತೆ. ಕ್ಯಾನಲ್ಲಿ ಚೆನ್ನಾಗಿ ಓಡಿದ್ರೆ ತಪ್ಪು ಟ್ಯಾಂಕಲ್ಲೋ ಹಿಂದಿನ ಲೈನಲ್ಲೋ ಇದೆ. ತುಕ್ಕಿನ ಪುಡಿ ಟ್ಯಾಂಕಿನ ತಳದಲ್ಲಿ ಮಲಗಿರುತ್ತೆ, ಎಳೆತ ಜೋರಾದಾಗ ಬಂದು ಒಳಗಿನ ಜಾಳಿಗೆ ಅಂಟ್ಕೊಳುತ್ತೆ, ಗಾಡಿ ನಿಂತ ಮೇಲೆ ಎಳೆತ ಇಲ್ಲ ಅಂತ ಮತ್ತೆ ಉದುರಿ ಮಲಗುತ್ತೆ. ಇದೂ ಹತ್ತು ನಿಮಿಷದ ಕಾಯಿಲೆಯೇ.

ಪ್ರಶ್ನೆ: ಬಿಸಿಲಲ್ಲಿ ಟ್ರಾಫಿಕ್ಕಲ್ಲಿ ನಿಂತ್ರೆ ಸಾಕು ನನ್ನ ಪಿಕಪ್ ಉಸಿರು ಬಿಡುತ್ತೆ. ವೇಪರ್ ಲಾಕ್ ಅಂತಾರೆ, ಪೈಪಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟೋದಂತೆ. ಪೆಟ್ರೋಲ್ ಪೈಪಿಗೆ ಬಟ್ಟೆ ಒಣಗಿಸೋ ಮರದ ಕ್ಲಿಪ್ ಸಾಲಾಗಿ ಹಾಕಿದ್ರೆ ಸರಿಯಾಗುತ್ತೆ ಅಂತ ಗೆಳೆಯರೊಬ್ಬರು ಹೇಳಿದ್ರು, ಹಾಕಿದೆ, ಒಂದು ಸಲ ಸರಿಯಾಯ್ತು, ಮುಂದಿನ ಸಲ ಆಗ್ಲಿಲ್ಲ.

ಉತ್ತರ: ಕ್ಲಿಪ್ ಹಾಕೋಕೆ ಹತ್ತು ನಿಮಿಷ ಹಿಡೀತಲ್ಲ, ಅಷ್ಟೊತ್ತಿಗೆ ಪೈಪು ತಾನಾಗೇ ತಣ್ಣಗಾಯ್ತು. ಕ್ಲಿಪ್ಪಿಗೆ ಪುಕ್ಸಟ್ಟೆ ಹೆಸರು ಬಂತು.

ಪೆಟ್ರೋಲ್ ನೀರಿನ ಥರ ಒಂದೇ ಬಿಸಿಗೆ ಕುದಿಯೋ ವಸ್ತು ಅಲ್ಲ, ಹಗುರ ಭಾರ ಎಲ್ಲಾ ಸೇರಿದ ಮಿಶ್ರಣ, ಅದರ ಹಗುರ ಭಾಗ 35-40 ಡಿಗ್ರಿಯಲ್ಲೇ ಕುದಿಯೋಕೆ ಶುರು ಮಾಡುತ್ತೆ. ಅದರ ಮೇಲೆ ಇಂಜಿನ್ ಮೇಲಿರೋ ಹಳೇ ಪಂಪು ಪೆಟ್ರೋಲನ್ನ ದೂರದ ಟ್ಯಾಂಕಿಂದ ಎಳೆಯುತ್ತೆ, ಎಳೆಯೋ ಕಡೆ ಒತ್ತಡ ಕಮ್ಮಿ, ಒತ್ತಡ ಕಮ್ಮಿ ಆದ್ರೆ ಇನ್ನೂ ಬೇಗ ಕುದಿ. ಹತ್ತು ಪರ್ಸೆಂಟ್ ಎಥನಾಲ್ ಬೆರೆಸಿದ್ರೆ ಆವಿಯಾಗೋ ಗುಣ ಇನ್ನಷ್ಟು ಏರುತ್ತೆ, ಚಳಿಗಾಲಕ್ಕೆ ಅಂತ ಮಾಡೋ ಪೆಟ್ರೋಲು ಇದ್ದಕ್ಕಿದ್ದ ಹಾಗೆ ಬಂದ ಬಿಸಿಲಿಗೆ ಸಿಕ್ಕಿದ್ರಂತೂ ಕೇಳ್ಬೇಡಿ. ಪಂಪು ದ್ರವ ತಳ್ಳೋಕೆ ಮಾಡಿದ್ದು, ಆವಿ ಸಿಕ್ರೆ ಅದನ್ನೇ ಒತ್ತಿ ಬಿಟ್ಟು ಒತ್ತಿ ಬಿಟ್ಟು ಅಲ್ಲೇ ಆಟ ಆಡ್ತಾ ಇರುತ್ತೆ.

ಆದ್ರೆ ಗಾಡಿ ಹೊಸದಾಗಿದ್ದಾಗ ಈ ತೊಂದ್ರೆ ಇಷ್ಟಿರ್ಲಿಲ್ವಲ್ಲ, ಈಗ್ಯಾಕೆ? ಬಾನೆಟ್ ಎತ್ತಿ ಪೈಪು ಎಲ್ಲಿ ಹೋಗಿದೆ ನೋಡಿ. ಕಂಪನಿಯವ್ರು ಬಗ್ಗಿಸಿ ಕೊಟ್ಟಿದ್ದ ಸ್ಟೀಲ್ ಲೈನು ತುಕ್ಕು ಹಿಡಿದಿತ್ತು ಅಂತ ಎಸೆದು, ರಬ್ಬರ್ ಹೋಸನ್ನ ಹತ್ರದ ದಾರಿ ಅಂತ ಬಿಸಿ ಹೊಗೆ ಹೊರಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಎಳೆದಿರ್ತಾರೆ, ಪಂಪು ಮತ್ತೆ ಎಕ್ಸಾಸ್ಟಿನ ಮಧ್ಯೆ ಇದ್ದ ತಗಡಿನ ಶೀಲ್ಡು ಯಾವ ಡಬ್ಬದಲ್ಲಿದೆಯೋ ಯಾರಿಗೂ ಗೊತ್ತಿರಲ್ಲ, ಕಾರ್ಬುರೇಟರ್ ಕೆಳಗಿದ್ದ ದಪ್ಪ ಪ್ಯಾಕಿಂಗ್ ಬದ್ಲು ತೆಳ್ಳಗಿನ ಗ್ಯಾಸ್ಕೆಟ್ ಕೂತಿರುತ್ತೆ. ಆ ದಪ್ಪ ಪ್ಯಾಕಿಂಗು ಅಲ್ಲಿದ್ದಿದ್ದೇ ಬಿಸಿ ಮೇಲೆ ಹತ್ತದೇ ಇರ್ಲಿ ಅಂತ. ಮೊದಲು ಇವನ್ನ ವಾಪಸ್ ತನ್ನಿ. ಅದಾದ್ಮೇಲೂ ಬಿಡದಿದ್ರೆ ಮೂರು ಮೂತಿ ಇರೋ ಫಿಲ್ಟರ್ ಹಾಕಿ ಒಂದು ಸಣ್ಣ ಪೈಪನ್ನ ಟ್ಯಾಂಕಿಗೆ ವಾಪಸ್ ಕಳಿಸಿ, ಪೆಟ್ರೋಲ್ ನಿಂತಲ್ಲೇ ನಿಂತು ಬಿಸಿಯಾಗದೇ ಸುತ್ತುತ್ತಾ ಇರುತ್ತೆ, ಆವಿಯೂ ವಾಪಸ್ ಹೋಗುತ್ತೆ.

ಓಡ್ತಾ ಓಡ್ತಾ ನಿಲ್ಲೋದು ಬೇರೆ, ಬಿಸಿ ಇಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟು ಬಂದಾಗ ಸ್ಟಾರ್ಟ್ ಆಗದೇ ಇರೋದು ಬೇರೆ, ಇದನ್ನ ಬೆರೆಸ್ಬೇಡಿ. ಎರಡನೇದ್ರಲ್ಲಿ ಬೌಲಲ್ಲಿರೋ ಪೆಟ್ರೋಲ್ ಇಂಜಿನ್ನಿನ ಬಿಸಿಗೆ ಕುದಿದು ಉಕ್ಕಿ ಇಂಜಿನ್ ಒಳಗೆ ಗಾಳಿ ಹೋಗೋ ಇಂಟೇಕ್ ಮ್ಯಾನಿಫೋಲ್ಡಿಗೆ ಸುರಿದಿರುತ್ತೆ, ಅಂದ್ರೆ ಪೆಟ್ರೋಲ್ ಕಮ್ಮಿಯಲ್ಲ, ಜಾಸ್ತಿ. ಅಂಥಾ ಟೈಮಲ್ಲಿ ಆಕ್ಸಿಲರೇಟರ್ ಪಂಪ್ ಹೊಡೆಯೋದು ಉರಿಯೋ ಒಲೆಗೆ ಸೌದೆ ಹಾಕಿದ ಹಾಗೆ. ಪೆಡಲ್ ಪೂರ್ತಿ ನೆಲಕ್ಕೆ ಒತ್ತಿ ಹಿಡ್ಕೊಂಡು, ಅಲ್ಲಾಡಿಸದೇ ಸೆಲ್ಫ್ ಹೊಡೀರಿ.

ಪ್ರಶ್ನೆ: ಹೊಗೆ ಕಪ್ಪಗೆ ಬರ್ತಾ ಇದೆ, ಶೆಡ್ ತುಂಬಾ ಪೆಟ್ರೋಲ್ ವಾಸನೆ, ಮೈಲೇಜ್ ಪಾತಾಳಕ್ಕೆ. ಒಳ್ಳೇ ಸುದ್ದಿ ಒಂದೇ, ಇಂಜಿನ್ ಆಯಿಲ್ ಕಮ್ಮಿ ಆಗ್ತಾನೇ ಇಲ್ಲ, ಸ್ವಲ್ಪ ಜಾಸ್ತೀನೇ ತೋರಿಸ್ತಾ ಇದೆ!

ಉತ್ತರ: ಅದು ಒಳ್ಳೇ ಸುದ್ದಿ ಅಲ್ಲ ಸ್ವಾಮಿ, ಇಡೀ ಪತ್ರದಲ್ಲಿ ಕೆಟ್ಟ ಸುದ್ದಿ ಅಂದ್ರೆ ಅದೇ. ಇದನ್ನ ಓದ್ತಾ ಇರೋ ಹಾಗೇ ಗಾಡಿ ಓಡ್ಸೋದು ನಿಲ್ಸಿ. ಆಯಿಲ್ ಗೇಜಿನ ಕಡ್ಡಿ ಎಳೆದು ಮೂಸಿ ನೋಡಿ, ಎರಡು ಬೆರಳ ಮಧ್ಯೆ ತಿಕ್ಕಿ ನೋಡಿ. ಆಯಿಲ್ ಜಿಡ್ಡಿರ್ಬೇಕು, ನೀರು ನೀರಾಗಿ ಜಾರಿ ಹೋಗಿ ಪೆಟ್ರೋಲ್ ಘಾಟು ಹೊಡೆದ್ರೆ ಆಯಿಲ್ ಜೊತೆ ಪೆಟ್ರೋಲ್ ಬೆರೆತಿದೆ. ಬೇರಿಂಗ್ ತಿಂದು ಹಾಕೋಕೆ ಅಷ್ಟು ಸಾಕು.

ಪೆಟ್ರೋಲ್ ಅಲ್ಲಿಗೆ ಹೋಗೋಕೆ ದಾರಿ ಎರಡು. ಒಂದು, ಇಂಜಿನ್ ಮೇಲಿನ ಪಂಪಿನ ಡಯಾಫ್ರಮ್, ಅಂದ್ರೆ ಪೆಟ್ರೋಲ್ ತಳ್ಳೋ ಒಳಗಿನ ಪರದೆ, ಹರಿದಿರೋದು. ಎರಡು, ಕಾರ್ಬುರೇಟರ್ ಉಕ್ಕಿ ಹರಿದು ಸಿಲಿಂಡರ್ ಗೋಡೆ ಮೇಲಿಂದ ಕೆಳಗಿಳಿಯೋದು. ನಿಮಗೆ ಕಪ್ಪು ಹೊಗೆ ಇರೋದ್ರಿಂದ ನಾನು ಎರಡನೇದ್ರಿಂದ ಶುರು ಮಾಡ್ತಿದ್ದೆ, ಆದ್ರೆ ಪಂಪಿನ ಕೆಳಗಿರೋ ಸಣ್ಣ ತೂತಿಂದ ಒದ್ದೆ ಇದ್ರೆ ಅದನ್ನೂ ಬಿಡ್ಬೇಡಿ.

ಉಕ್ಕೋ ಕಾರ್ಬುರೇಟರಲ್ಲಿ ಮೊದಲ ಆರೋಪಿ ಬೌಲ್ ತುಂಬಿದ ಮೇಲೆ ಪೆಟ್ರೋಲ್ ನಿಲ್ಲಿಸೋ ಸೂಜಿ ಮತ್ತೆ ಅದರ ಸೀಟು, ಒಂದು ಮರಳು ಕಣದಷ್ಟು ತುಕ್ಕು ಸಿಕ್ಕಿಕೊಂಡ್ರೂ ಮುಚ್ಚಲ್ಲ. ಆಮೇಲೆ ಬೌಲಲ್ಲಿ ತೇಲ್ತಾ ಆ ಸೂಜಿ ಮುಚ್ಚಿಸೋ ಫ್ಲೋಟು. ಹಿತ್ತಾಳೆ ಫ್ಲೋಟ್ ಆದ್ರೆ ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಗುಳುಗುಳು ಅಂದ್ರೆ ತೂತಾಗಿ ಪೆಟ್ರೋಲ್ ಕುಡಿದಿದೆ, ತೂತು ಎಲ್ಲಿ ಅಂತ ಹುಡುಕೋಕೆ ಬಿಸಿ ನೀರಲ್ಲಿ ಮುಳುಗಿಸಿ ಹಿಡೀರಿ, ಗುಳ್ಳೆ ಸಾಲಾಗಿ ಎದ್ದು ಬರುತ್ತೆ. ಕಪ್ಪು ಫೋಮ್ ಥರದ ಫ್ಲೋಟ್ ಆದ್ರೆ ಅದು ಶಬ್ದ ಮಾಡಲ್ಲ, ವರ್ಷಗಟ್ಟಲೆ ನಿಧಾನಕ್ಕೆ ಪೆಟ್ರೋಲ್ ಹೀರಿ ಭಾರ ಆಗಿರುತ್ತೆ, ಹೊಸದರ ಜೊತೆ ತೂಕ ಹಾಕಿ ನೋಡ್ಬೇಕು ಅಷ್ಟೇ. ಮೂರನೇದು, ಯಾರಾದ್ರೂ ಎಲೆಕ್ಟ್ರಿಕ್ ಪಂಪ್ ಹಾಕಿದಾರಾ? ಹಳೇ ಕಾರ್ಬುರೇಟರ್ ತಡ್ಕೊಳೋ ಒತ್ತಡ ನಾಲ್ಕರಿಂದ ಆರೇಳು ಪಿಎಸ್‌ಐ. ಕಾರ್ಬುರೇಟರ್ ಬದ್ಲು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಷನ್ ಗಾಡಿಯ ಪಂಪು ನಲವತ್ತರ ಮೇಲೆ ತಳ್ಳುತ್ತೆ, ಅದರ ಮುಂದೆ ಸೂಜಿ ಏನು ಮಾಡುತ್ತೆ ಪಾಪ.

ಆಯಿಲ್ ಮತ್ತೆ ಆಯಿಲ್ ಫಿಲ್ಟರ್ ಬದಲಾಯಿಸೋದು ತಪ್ಪು ಸಿಕ್ಕಿ ಸರಿಯಾದ ಮೇಲೆ, ಮುಂಚೆ ಅಲ್ಲ.

ಪ್ರಶ್ನೆ: ಪೇಂಟ್ ಆಗಿ ಬಂದಾಗಿಂದ ಫ್ಯೂಯಲ್ ಮೀಟರ್ ಮುಳ್ಳು ಫುಲ್ ದಾಟಿ ಮೂಲೇಲಿ ಕೂತಿದೆ, ಇಳಿಯಲ್ಲ. ಮೀಟರ್ ಬದಲಾಯಿಸಿದೆ, ಹೊಸ ಮೀಟರ್ರೂ ಹಾಗೇ. ಎರಡು ಸಲ ರೋಡಲ್ಲಿ ಪೆಟ್ರೋಲ್ ಖಾಲಿ ಆಗಿ ಮಾನ ಹೋಯ್ತು. ಗಾಡಿ 1970ರ ಜಿಎಂಸಿ.

ಉತ್ತರ: ಅರ್ಥಿಂಗ್ ಹೋಗಿದೆ. ಪೇಂಟಿನವರು ಎಷ್ಟು ಚೆನ್ನಾಗಿ ಕೆಲ್ಸ ಮಾಡಿದಾರೆ ಅಂದ್ರೆ ಕರೆಂಟು ಹೋಗೋಕೂ ಜಾಗ ಬಿಟ್ಟಿಲ್ಲ.

ಟ್ಯಾಂಕೊಳಗಿನ ಸೆಂಡರ್ ಅಂದ್ರೆ ಫ್ಲೋಟಿನ ಜೊತೆ ಏರಿಳಿಯೋ ಒಂದು ರೆಸಿಸ್ಟೆನ್ಸು, ಅಷ್ಟೇ. ನಿಮ್ಮ ಗಾಡಿಯ ಕಾಲದ ಜನರಲ್ ಮೋಟರ್ಸ್ ಸೆಂಡರಲ್ಲಿ ಖಾಲಿಗೆ 0 ಓಮ್, ಫುಲ್ಲಿಗೆ 90 ಓಮ್. ವೈರ್ ಕಿತ್ತೋಗಿದ್ರೆ ಅಥವಾ ಅರ್ಥ್ ಸಿಗ್ದಿದ್ರೆ ರೆಸಿಸ್ಟೆನ್ಸ್ 90ಕ್ಕಿಂತ ಎಷ್ಟೋ ಮೇಲೆ, ಮೀಟರ್ ಪಾಪ ಅದನ್ನ ಫುಲ್ಲಿಗಿಂತ ಫುಲ್ಲು ಅಂತ ಓದುತ್ತೆ. ಒಂದು ವೈರಿನ ಒಂದು ತುದಿ ಸೆಂಡರಿನ ಲೋಹದ ಮೈಗೆ, ಇನ್ನೊಂದು ತುದಿ ಪೇಂಟ್ ಇಲ್ಲದ ಬೋಲ್ಟಿಗೆ ಹಿಡೀರಿ, ಮುಳ್ಳು ಇಳಿದು ಸರಿಯಾದ ಜಾಗಕ್ಕೆ ಬಂದ್ರೆ ಅದೇ ವೈರನ್ನ ಪರ್ಮನೆಂಟ್ ಮಾಡ್ಬಿಡಿ, ಕೂರೋ ಜಾಗದ ಪೇಂಟ್ ಕೆರೆದು. ಫೋರ್ಡ್ ಇಟ್ಟಿರೋರು ಇದನ್ನ ಹಾಗೇ ನಕಲು ಮಾಡ್ಬೇಡಿ, ಹಳೇ ಫೋರ್ಡಲ್ಲಿ ಲೆಕ್ಕ ಉಲ್ಟಾ, ಖಾಲಿಗೆ 73 ಓಮ್, ಫುಲ್ಲಿಗೆ 10 ಹತ್ರ. ಅಲ್ಲಿ ಅರ್ಥ್ ಹೋದ್ರೆ ಮುಳ್ಳು ಖಾಲಿಯಲ್ಲಿ ಮಲಗುತ್ತೆ. ಸೆಂಡರ್ ತಪ್ಪು ಕಂಪನೀದು ಹಾಕಿದ್ರೆ ಪೆಟ್ರೋಲ್ ಹಾಕ್ದಷ್ಟೂ ಮೀಟರ್ ಇಳಿಯೋ ವಿಚಿತ್ರವೂ ನೋಡ್ಬಹುದು.

ಪ್ರಶ್ನೆ: ಟ್ಯಾಂಕೊಳಗೆಲ್ಲಾ ತುಕ್ಕು. ಒಳಗೆ ಸೀಲರ್ ಸುರಿದು ಕೋಟಿಂಗ್ ಮಾಡ್ಸಿದ್ರೆ ಒಳ್ಳೇದಾ? ಒಂದು ಕಡೆ ಸಣ್ಣ ತೂತೂ ಇದೆ, ವೆಲ್ಡಿಂಗ್ ಮಾಡಿಸ್ಬಹುದಾ?

ಉತ್ತರ: ಎರಡನೇದಕ್ಕೆ ಮೊದಲು ಉತ್ತರ. ವೆಲ್ಡಿಂಗ್ ಬೇಡ. ಟ್ಯಾಂಕ್ ಖಾಲಿ ಇದೆ, ತಿಂಗಳಾಯ್ತು, ತೊಳೆದಿದೀನಿ ಅಂತೆಲ್ಲಾ ಹೇಳ್ಬೇಡಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಬರೀ 1.4 ಪರ್ಸೆಂಟ್ ಇದ್ರೂ ಸಿಡಿಯುತ್ತೆ, 7.6ರ ಮೇಲೆ ಹೋದ್ರೆ ಗಾಳಿ ಸಾಲದೇ ಹತ್ತಲ್ಲ. ಅಂದ್ರೆ ತುಂಬಿರೋ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಬಾಂಬು, ತಗಡಿನ ಜೋಡಣೆ ಸಂದಿಯಲ್ಲಿ ಉಳಿದ ನಾಲ್ಕು ಹನಿ ವೆಲ್ಡಿಂಗ್ ಟಾರ್ಚಿನ ಬಿಸಿಗೆ ಆವಿಯಾದ್ರೆ ಸಾಕು. ಟ್ಯಾಂಕ್ ರಿಪೇರಿನೇ ಕಸುಬು ಮಾಡ್ಕೊಂಡಿರೋರು ಇರ್ತಾರೆ, ಅವರಿಗೆ ಕೊಡಿ, ಇಲ್ಲಾ ಹೊಸ ಟ್ಯಾಂಕ್ ಹಾಕಿ. ನಿಮ್ಮ ಮಾಡೆಲ್ಲಿಗೆ ಹೊಸ ಟ್ಯಾಂಕ್ ಸಿಗೋದಾದ್ರೆ ನನ್ನ ಓಟು ಅದಕ್ಕೇ, ತೂತಾದ ತಗಡು ಅಂದ್ರೆ ಪಕ್ಕದ ಜಾಗವೂ ಕಾಗದದಷ್ಟು ತೆಳ್ಳಗಾಗಿರುತ್ತೆ.

ಕೋಟಿಂಗ್ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಒಳಗೆ ಬೋಳು ಲೋಹ ಬರೋ ತನಕ ಕ್ಲೀನ್ ಮಾಡಿ, ಚೂರೂ ತೇವ ಇಲ್ದೇ ಒಣಗಿಸಿ ಹಾಕಿದ್ರೆ ಹಿಡ್ಕೊಳುತ್ತೆ. ಅಷ್ಟು ತಾಳ್ಮೆ ಯಾರಿಗಿದೆ? ತುಕ್ಕಿನ ಮೇಲೇ ಸುರಿದ್ರೆ ವರ್ಷ ಎರಡು ವರ್ಷಕ್ಕೆ ಹಾವಿನ ಪೊರೆ ಥರ ಸುಲಿದು ಬರುತ್ತೆ, ಹಳೇ ಕಾಲದ ಕೆಲವು ಸೀಲರ್‌ಗಳನ್ನ ಎಥನಾಲೇ ಮೆತ್ತಗೆ ಮಾಡಿ ಕಿತ್ತು ಹಾಕುತ್ತೆ. ಆಮೇಲೆ ಆ ಪೊರೆ ಪೈಪಿನ ಬಾಯಿಗೆ ಅಡ್ಡ ಕೂತ್ರೆ ತುಕ್ಕೇ ವಾಸಿಯಿತ್ತು ಅನ್ಸುತ್ತೆ.

ತುಕ್ಕು ತೆಗೆಯೋಕೆ ಆ್ಯಸಿಡ್‌ಗಿಂತ ನನಗೆ ಇಷ್ಟ ಆಗೋದು ಕರೆಂಟಿನ ವಿಧಾನ. ಟ್ಯಾಂಕನ್ನ ಚೆನ್ನಾಗಿ ತೊಳೆದು ಆವಿ ಎಲ್ಲಾ ಹೋದ್ಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರು ಕತ್ತಿನ ತನಕ ತುಂಬಿಸಿ, ಒಂದು ಮಾಮೂಲಿ ಕಬ್ಬಿಣದ ಸರಳನ್ನ ಟ್ಯಾಂಕಿನ ಮೈಗೆ ತಾಗದ ಹಾಗೆ ಒಳಗೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಉಲ್ಟಾ ಕೊಟ್ರೆ ಟ್ಯಾಂಕೇ ಕರಗೋಕೆ ಶುರುವಾಗುತ್ತೆ, ಎರಡು ಸಲ ನೋಡಿ ಸ್ವಿಚ್ ಹಾಕಿ. ಸರಳಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡವೇ ಬೇಡ, ಅದ್ರಿಂದ ಬರೋ ಕ್ರೋಮಿಯಂ ವಿಷ. ಗುಳ್ಳೆ ಏಳೋದು ಹೈಡ್ರೋಜನ್, ಬಯಲಲ್ಲಿ ಮಾಡಿ, ಸ್ವಿಚ್ ಆಫ್ ಮಾಡಿದ್ಮೇಲೇ ಕ್ಲಿಪ್ ತೆಗೀರಿ, ಕಿಡಿ ಬೀಳ್ಬಾರ್ದು. ಮುಗಿದ ಮೇಲೆ ತೊಳೆದು ತಕ್ಷಣ ಒಣಗಿಸ್ಬೇಕು, ಬೋಳು ಕಬ್ಬಿಣ ಕಣ್ಣೆದುರಿಗೇ ಮತ್ತೆ ಕೆಂಪಾಗುತ್ತೆ.

ಪ್ರಶ್ನೆ: ಎರಡು ಟ್ಯಾಂಕಿನ ಪಿಕಪ್ಪು. ಎಡಗಡೆ ಟ್ಯಾಂಕಲ್ಲಿ ಓಡಿಸಿದ್ರೆ ಬಲಗಡೆ ಟ್ಯಾಂಕ್ ತುಂಬಿ ಹೊರಗೆ ಚೆಲ್ಲುತ್ತೆ. ದೆವ್ವ ಗಿವ್ವ ಏನಾದ್ರೂ?

ಉತ್ತರ: ದೆವ್ವ ಅಲ್ಲ, ವಾಲ್ವು. ಪಂಪು ಎಡಗಡೆಯಿಂದ ಎಳೆದಿದ್ದರಲ್ಲಿ ಇಂಜಿನ್ ಕುಡಿದು ಮಿಕ್ಕಿದ್ದು ಎಡಗಡೆಗೇ ವಾಪಸ್ ಹೋಗ್ಬೇಕು. ಟ್ಯಾಂಕ್ ಬದಲಾಯಿಸೋ ವಾಲ್ವಿನಲ್ಲಿ ವಾಪಸ್ ದಾರಿ ಜಾಮ್ ಆಗಿದೆ, ಇಲ್ಲಾ ರಿಪೇರಿ ಟೈಮಲ್ಲಿ ಎರಡು ವಾಪಸ್ ಹೋಸು ಅದಲು ಬದಲಾಗಿದೆ. ಮೊದಲು ಹೋಸ್ ನೋಡಿ, ಅದು ಪುಕ್ಕಟೆ.

ಪ್ರಶ್ನೆ: ನಿಂತಲ್ಲಿಂದ ಆಕ್ಸಿಲರೇಟರ್ ಒತ್ತಿದ್ರೆ ಒಂದು ಕ್ಷಣ ಸತ್ತ ಹಾಗಾಗಿ ಆಮೇಲೆ ಓಡುತ್ತೆ. ಉಳಿದಿದ್ದೆಲ್ಲಾ ಚೆನ್ನಾಗಿದೆ.

ಉತ್ತರ: ಮೇಲೆ ಹೇಳಿದ್ನಲ್ಲ, ಕಾರ್ಬುರೇಟರ್ ಬಾಯೊಳಗಿನ ಧಾರೆ, ಅದನ್ನ ನೋಡಿ. ಲಿಂಕ್ ಅಲ್ಲಾಡಿದ ಕ್ಷಣವೇ ಗಟ್ಟಿ ಧಾರೆ ಬರ್ಬೇಕು. ತಡವಾಗಿ ಬಂದ್ರೆ, ಹನಿ ಹನಿ ಬಂದ್ರೆ ಕಾರ್ಬುರೇಟರ್ ಒಳಗೆ ಆ ಧಾರೆ ಬಿಡೋ ಆಕ್ಸಿಲರೇಟರ್ ಪಂಪಿನ ಬಟ್ಟಲಿನಾಕಾರದ ವಾಷರ್ ಒಣಗಿ ಗಟ್ಟಿಯಾಗಿದೆ. ಈ ಇಡೀ ಅಂಕಣದಲ್ಲಿ ನಿಜವಾಗ್ಲೂ ಕಾರ್ಬುರೇಟರ್ ಬಿಚ್ಚಿ ಕೈ ಹಾಕಿ ಅಂತ ನಾನು ಖುಷಿಯಿಂದ ಹೇಳೋದು ನಿಮಗೊಬ್ಬರಿಗೇ.

ಪ್ರಶ್ನೆ: ಎರಡು ವರ್ಷ ನಿಂತಿದ್ದ ಗಾಡಿ, ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇದೆ. ಮೇಲೆ ಹೊಸದು ಹಾಕಿ ಓಡಿಸ್ಲಾ?

ಉತ್ತರ: ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು, ಮುಚ್ಚಳ ಹಾಕಿ ಒಂದು ರಾತ್ರಿ ಅಲ್ಲಾಡಿಸದೇ ಇಡಿ. ಬಣ್ಣ ಟೀ ಥರ ಆಗಿ ವಾರ್ನಿಷ್ ವಾಸನೆ ಬಂದ್ರೆ ಹಗುರ ಭಾಗ ಎಲ್ಲಾ ಹಾರಿ ಹೋಗಿ ಅಂಟು ಉಳಿದಿದೆ, ಇಂಜಿನ್ನಿಗೆ ಬೇಡ. ಬಾಟಲಿ ತಳದಲ್ಲಿ ಬೇರೆ ಪದರ ಕೂತಿದ್ರೆ ಅದು ನೀರು ಮತ್ತೆ ಎಥನಾಲ್ ಸೇರಿದ್ದು. ಹತ್ತು ಪರ್ಸೆಂಟ್ ಎಥನಾಲ್ ಪೆಟ್ರೋಲಲ್ಲಿ ಅರ್ಧ ಪರ್ಸೆಂಟ್ ಹತ್ರ ನೀರು ಸೇರೋ ತನಕ ಬೆರೆತೇ ಇರುತ್ತೆ, ಅದು ದಾಟಿದ್ರೆ ಎಥನಾಲನ್ನೂ ಎಳ್ಕೊಂಡು ತಳಕ್ಕಿಳಿಯುತ್ತೆ, ಪಂಪು ಎಳೆಯೋದೂ ಅದೇ ತಳದಿಂದ. ಪೂರ್ತಿ ತೆಗೆದ್ಬಿಡಿ. ತೆಗೆದಿದ್ದನ್ನ ಚರಂಡಿಗೆ ಸುರೀಬೇಡಿ, ದಯವಿಟ್ಟು.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳ್ತೀರಲ್ಲ, ನಿಮ್ಮ ಗಾಡಿ ಯಾವತ್ತೂ ಕೈ ಕೊಟ್ಟಿಲ್ವಾ?

ಉತ್ತರ: ಕೊಟ್ಟಿದೆ, ಅದೂ ನಾನೇ ಕೈಯಾರೆ ಮಾಡ್ಕೊಂಡಿದ್ದು. ಟ್ಯಾಂಕೊಳಗೆ ಎಲೆಕ್ಟ್ರಿಕ್ ಪಂಪ್ ಕೂರ್ಸಿದೆ, ಒತ್ತಡ ಇಳಿಸೋ ರೆಗ್ಯುಲೇಟರ್ ಹಾಕ್ದೆ, ಗಾಡಿ ಉರುಳಿದ್ರೆ ಕರೆಂಟ್ ತಾನಾಗೇ ಕಟ್ ಆಗೋ ಸ್ವಿಚ್ ಹಾಕ್ದೆ, ಎಲ್ಲಾ ಶಿಸ್ತು. ಪಂಪಿಗೂ ಮೇಲಿನ ಪೈಪಿಗೂ ಮಧ್ಯೆ ನಾಲ್ಕು ಬೆರಳುದ್ದದ ಒಂದು ಹೋಸ್ ತುಂಡು ಬೇಕಿತ್ತು, ಕೈಗೆ ಸಿಕ್ಕಿದ್ದು ಒಳ್ಳೇ ಇಂಜೆಕ್ಷನ್ ಹೋಸು, ಮೇಲೆ ಎಸ್‌ಎಇ 30ಆರ್9 ಅಂತ ಹೋಸಿನ ದರ್ಜೆ ಬರೆದಿತ್ತು, ಮಾಮೂಲಿ 30ಆರ್7ಗಿಂತ ಮೇಲಿನದಲ್ವಾ ಅಂತ ಹೆಮ್ಮೆಯಿಂದ ಅದನ್ನೇ ಹಾಕ್ದೆ. ಒಂದೂವರೆ ತಿಂಗಳಾದ್ಮೇಲೆ ಒತ್ತಡ ಬರ್ಲಿಲ್ಲ. ಪಂಪ್ ಬದಲಾಯಿಸ್ದೆ ಹೋಸ್ ಅದೇ ಇಟ್ಟು, ಎರಡು ದಿನ ಓಡ್ತು. ಇನ್ನೊಂದು ಪಂಪ್ ಬದಲಾಯಿಸ್ದೆ. ಮೂರನೇ ಸಲ ಪಂಪ್ ಎತ್ತುವಾಗ ಹೋಸ್ ಬೆರಳಿಗೆ ಮೆತ್ತಗೆ ತಗುಲ್ತು, ಹಿಂಡಿದ್ರೆ ನೆನೆದ ಸೋಪಿನ ಹಾಗೆ ಕಪ್ಪಗೆ ಕೈಗೆ ಅಂಟ್ಕೊಂಡು ಬಂತು, ಕ್ಲಾಂಪಿನ ಕೆಳಗೆ ಉದ್ದಕ್ಕೆ ಸೀಳಿತ್ತು. ಆ ಹೋಸಿನ ಒಳಮೈ ಮಾತ್ರ ಪೆಟ್ರೋಲ್ ತಡ್ಕೊಳುತ್ತೆ, ಹೊರಮೈ ಗಾಳಿಯಲ್ಲಿರೋಕೆ ಮಾಡಿದ್ದು, ಎರಡೂ ಕಡೆ ಮುಳುಗಿರೋ ಜಾಗಕ್ಕೆ 30ಆರ್10 ಅಂತ ಬೇರೆಯೇ ಇದೆ. ಪಂಪುಗಳು ಮೂರೂ ಚೆನ್ನಾಗೇ ಇದ್ವು, ಎರಡು ಈಗ್ಲೂ ನನ್ನ ಮೇಜಿನ ಡ್ರಾಯರಲ್ಲಿ ಇವೆ.